ತೂತು ಬಿದ್ದ ಎಸಳು

ಹತ್ತು ಗಂಟೆಯೊಳಗೆ ಕೊಯ್ಯಬೇಕು ಸೋಕ್ ಮರದ ಹೂವನ್ನು,
ಇಬ್ಬನಿ ಆರಿದ ಮೇಲೆ, ಬಿಸಿಲು ಬಲಿಯುವ ಮುನ್ನ.
ತೊಳೆಯಬಾರದು.
ತೊಳೆದರೆ ಹೋಗುವುದು ಕೊಳೆಯಲ್ಲ, ಪರಾಗ;
ಪರಾಗ ಹೋದರೆ ಉಳಿಯುವುದು ಬಿಳಿ ಬಣ್ಣದ ಹುಲ್ಲು.
ಬಟ್ಟೆ ಹಾಸಿ ಗೊಂಚಲು ಹರವಿ ಸುಮ್ಮನೆ ಕೂತರೆ
ಸಣ್ಣ ಕಪ್ಪು ಹುಳುಗಳು ತಾವಾಗಿಯೇ ಇಳಿದು
ಮನೆ ಖಾಲಿ ಮಾಡುವ ಬಾಡಿಗೆದಾರರ ಹಾಗೆ
ಒಂದೊಂದಾಗಿ ಹೊರಟುಹೋಗುತ್ತವೆ.

ಬೇಲಿಯಾಚೆ ಒಕ್ತಾವಿಯಾನನ ಗುಲಾಬಿ ನೋಡಬೇಕು:
ಬೊಗಸೆಯಗಲ, ಒಂದು ಚುಕ್ಕೆಯಿಲ್ಲ.
"ಎಷ್ಟು ಬೇಕೋ ಅಷ್ಟು ತಗೋ, ಸ್ಮರಾಂದಾ"
ಅನ್ನುತ್ತಾನೆ ಪಾಪ, ಬೆನ್ನಿಗೆ ಔಷಧಿಯ ಡಬ್ಬಿ ಕಟ್ಟಿಕೊಂಡೇ.
ತರುತ್ತೇನೆ, ಹೂದಾನಿಗೆ. ಲೋಟಕ್ಕಲ್ಲ.
ನನ್ನ ಗಿಡದ್ದು ಕುಳ್ಳ ಹೂವು, ಎಸಳಲ್ಲೆಲ್ಲ ತೂತು.
ತೂತೇ ನನ್ನ ಪ್ರಮಾಣಪತ್ರ:
ನನಗಿಂತ ಮೊದಲು ಯಾವುದೋ ಹುಳ ತಿಂದಿದೆ,
ತಿಂದು ಬದುಕಿದೆ.

ಎಸಳ ಬುಡದ ಬಿಳಿ ಉಗುರು ಕತ್ತರಿಸಬೇಕು, ಅದು ಕಹಿ.
ಲ್ಯಾವೆಂಡರ್ ಎರಡು ಕಡ್ಡಿ ಸಾಕು,
ಮೂರನೆಯದು ಬಿದ್ದರೆ ಅತಿಥಿಗೆ ಸ್ನಾನದ ನೆನಪಾಗುತ್ತದೆ.
ಬೊರಾಜಿನ ನೀಲಿ ನಕ್ಷತ್ರಗಳನ್ನು ಹಿಂದಿನ ರಾತ್ರಿಯೇ
ಐಸ್ ತಟ್ಟೆಯ ಗುಳಿಗೊಂದರಂತೆ ಮಲಗಿಸಿದ್ದೆ.
ಇಷ್ಟಾದ ಮೇಲೆ ಅಪ್ಪನ ತ್ಸುಯಿಕ,
ಪ್ಲಮ್ ಹಣ್ಣಿನ ಬೆಂಕಿ, ಒಂದೂವರೆ ಅಳತೆ.
ಅಪ್ಪ ಹೋದಾಗ ನೆಲಮಾಳಿಗೆಯಲ್ಲಿ ಒಂಬತ್ತು ಜಾಡಿ ಇತ್ತು.
ನಾನು ಮಾರಿದ್ದು ಎರಡು. ದೋರು ಮುಗಿಸಿದ್ದು ಐದು.

ಶನಿವಾರ, ಆರು ಮೇಜು, ಹನ್ನೊಂದು ಲೋಟ.
ಬುಕಾರೆಸ್ಟಿನಿಂದ ಬಂದವರು
ನಕ್ಷತ್ರ ಕರಗುವ ತನಕ ಫೋಟೋ ತೆಗೆಯುತ್ತಾರೆ.
ಹನ್ನೆರಡನೆಯದು ದೋರುವಿಗೆ.

ನನ್ನ ತಮ್ಮ. ಕ್ಲುಜ್ ಆಸ್ಪತ್ರೆಯಿಂದ ಬಂದು ಎಪ್ಪತ್ತಮೂರು ದಿನ.
ಎಣಿಸುವವನು ಅವನು;
ಎಣಿಸದವಳಂತೆ ಇರುವವಳು ನಾನು.
ಅವನ ಪಾಲಿನದನ್ನು ಬೇರೆ ಪಾತ್ರೆಯಲ್ಲಿ ನೆನೆಸಿದ್ದೆ.
ಮೂರು ದಿನ ಬಿಸಿಲಿಗಿಟ್ಟರೆ ಹೂವಿಗೂ ನಶೆ ಏರುತ್ತದೆ,
ಅದಕ್ಕೇ ಒಂದೇ ರಾತ್ರಿ, ಫ್ರಿಜ್ಜಿನಲ್ಲಿ.
ಸೋಸಿ, ನಿಂಬೆ ಹಿಂಡಿ, ಸೋಡ ಹೊಯ್ದೆ.
ಅದೇ ಗಾಜು, ಅದೇ ನೀಲಿ, ಅದೇ ತೂತಿನ ಎಸಳು,
ಯಾರ ಕಣ್ಣಿಗೂ ಬೇರೆಯಾಗಿ ಕಾಣಬಾರದೆಂದು.
ಅದೇ ತಪ್ಪಾಯಿತು.

ಗುಳ್ಳೆ ನೋಡಿದ. ಮೂಗಿನ ಹತ್ತಿರ ತಂದ. ಕೆಳಗಿಟ್ಟ.
"ಇದೆಯಾ?"
"ಇಲ್ಲ."
"ಆಣೆ?"
"ಅಮ್ಮನಾಣೆ."
"ಅಮ್ಮನಾಣೆ ಇಟ್ಟು ನಾನೇ ಎಷ್ಟು ಸಲ ಇಲ್ಲ ಅಂದಿದ್ದೇನೆ."
ಒಂದು ಗುಟುಕು ಕುಡಿದು ತೋರಿಸಿದೆ, ಹುಳದ ಹಾಗೆ.
ನಾನು ಕುಡಿದು ಬದುಕಿದ್ದು
ಅವನಿಗೆ ಪುರಾವೆಯಾಗಲಿಲ್ಲ.

ಎದ್ದ. ಸಾಸೇಜು ಸುಡುತ್ತಿದ್ದ ಒಲೆಯ ಬಳಿ ಹೋಗಿ
ಲೋಟವನ್ನು ಕೆಂಡದ ಮೇಲೆ ಬೋರಲು ಹಾಕಿದ.
ಪ್ರತಿ ಅಕ್ಟೋಬರಿನಲ್ಲಿ ಬಟ್ಟಿಯ ಮುಂದೆ
ನಮ್ಮಿಬ್ಬರನ್ನೂ ತೋಳಿನಿಂದ ಹಿಂದೆ ಸರಿಸಿ
ಅಪ್ಪ ಹೀಗೇ ಎರಚುತ್ತಿದ್ದ:
ನೀಲಿ ನಾಲಿಗೆ ಎದ್ದರೆ ಗಟ್ಟಿ ಸರಕು.

ಹನ್ನೊಂದು ಲೋಟಗಳು ಮಾತು ನಿಲ್ಲಿಸಿದವು.

ಚುಸ್ಸೆಂದಿತು ಕೆಂಡ.
ಎದ್ದದ್ದು ಹೊಗೆ, ಬರೀ ಬೂದುಬಣ್ಣದ್ದು,
ಸುಟ್ಟ ಸಕ್ಕರೆಯ, ಒದ್ದೆ ಬೂದಿಯ, ಜೂನ್ ತಿಂಗಳ ವಾಸನೆ.
ನೀಲಿ ಹೂವೊಂದು ಇದ್ದಿಲ ಮೇಲೆ ಅರೆಗಳಿಗೆ ಕೂತು
ಸುರುಟಿಕೊಂಡಿತು.
ದೋರು ಬಗ್ಗಿ ಬಗ್ಗಿ ನೋಡಿದ,
ತಡವಾಗಿಯಾದರೂ ಹತ್ತಿಕೊಳ್ಳಬಹುದೇನೋ ಎಂಬಂತೆ.
ಯಾರದೋ ಮೇಜಿನ ಮಗು ಚಪ್ಪಾಳೆ ತಟ್ಟಿತು.

ಬಂದು ಕೂತ. ಖಾಲಿ ಲೋಟ ನನ್ನತ್ತ ತಳ್ಳಿದ.
ಬಗ್ಗಿಸಿದೆ. ಇನ್ನೊಂದು ಎಸಳು ಬಿಟ್ಟೆ.
ಪೂರ್ತಿ ಕುಡಿದು, ಬಾಯಿ ಒರೆಸಿ,
"ಸಕ್ಕರೆ ಜಾಸ್ತಿ" ಅಂದ.
ಆಮೇಲೆ ಎಸಳನ್ನು ಉಗುರಿನಲ್ಲಿ ಹೊರತೆಗೆದು
ಕಣ್ಣಿಗೆ ಹಿಡಿದು
ಆ ತೂತಿನೊಳಗಿಂದ ನನ್ನನ್ನು ನೋಡಿದ.