ತಿದ್ದುಪಡಿ ಪ್ರಕಟಣೆ

ವಾರ್ತಾ ಇಲಾಖೆಯ ಜೀಪು ನಾ ಹೊಡೀತಿದ್ದೆ,
ಮಾತು ಹತ್ತಳ್ಳಿ ಸಾಹೇಬರು ಹೊಡೀತಿದ್ರು.
ವಿಜಯಪುರ ಜಿಲ್ಲಾಕ್ಕ ಸರ್ಕಾರದ ಬಾಯಿ ಅಂದ್ರ ಅವರ.
ಸಂಜೀ ಐದಕ್ಕ ಪ್ರಕಟಣೆ, ನಾಕು ಪ್ರತಿ,
ಅಂಗಿ ಕಿಸೇಕ್ಕ ಕಾರ್ಬನ್ನಿನ ನೀಲಿ ಕಲಿ.
ನೀರು ಬರದ ಓಣಿಗೆ ‘ಕ್ರಮ ಕೈಗೊಳ್ಳಲಾಗುವುದು’,
ಬಿದ್ದ ಸಾಲಿ ಗ್ವಾಡಿಗೆ ‘ಪರಿಶೀಲಿಸಲಾಗುತ್ತಿದೆ’.
‘ದಸ್ತಗೀರ, ಸರ್ಕಾರಿ ವಾಕ್ಯದಾಗ
ಯಾರೂ ಏನೂ ಮಾಡೂದಿಲ್ಲೋ ತಮ್ಮಾ,
ಎಲ್ಲಾ ತಾನ ಆಗತೈತಿ’ ಅಂತ ನಗತಿದ್ರು.
ನಾನೂ ನಕ್ಕೇನಿ.

ಭೀಮಾ ದಂಡಿಯ ಒಂದೂರಾಗ ಏತ ನೀರಾವರಿ ಉದ್ಘಾಟನಾ.
ಮಂತ್ರಿಗಳು ಗುಂಡಿ ಒತ್ತಿದ್ರು, ಪೈಪು ಎರಡು ಸಲ ಕೆಮ್ಮಿ ನೀರು ಕಾರಿತು.
ಯಾವನೋ ಅಭಿಮಾನಿ, ಖುಷಿಗೆ,
ಸೊಂಟದಾಗಿಂದ ಕಂಟ್ರಿ ಪಿಸ್ತೂಲು ತಗದ.
ಮಂತ್ರಿಗಳ ಬೆನ್ನ ಹಿಂದ ಸಾಹೇಬರು
ಭಾಷಣದ ಹಾಳಿ ಎಣಸಾಕತ್ತಿದ್ರು.
ನಾ ಪಟಾಕಿ ಅಂದ್ಕೊಂಡೆ.
ಹಾಳಿ ಮೊದಲು ಬಿದ್ದುವು, ಆಮ್ಯಾಲ ಅವರು.

ಸೊಲ್ಲಾಪುರದ ದವಾಖಾನ್ಯಾಗ ಅವರ ತಲೀ ಬಿಚ್ಚೂ ಹೊತ್ತಿಗೆ
ಇಲ್ಲಿ ಆಫೀಸಿನ್ಯಾಗ, ಅವರ ಕಲಿಸಿದ ಹುಡುಗ
ಅವರು ಕಲಿಸಿದಂಗ ಬರದ:
‘ಸಂಭ್ರಮದ ವೇಳೆ ಆಕಸ್ಮಿಕವಾಗಿ ಹಾರಿದ ಗುಂಡು ತಗುಲಿ
ಅಧಿಕಾರಿಯೊಬ್ಬರು ಗಾಯಗೊಂಡಿರುತ್ತಾರೆ.’

ನಮ್ಮ ಗೋಳಗುಮ್ಮಟ ಒಂದು ಮಾತನ್ನ ಏಳು ಸರ್ತಿ ಹೇಳತೈತಿ.
ಸಾಹೇಬರು ಏಳು ದಿನಕ್ಕ ಒಂದು ಮಾತು ಕಲತ್ರು.
ನೀರು. ಬ್ಯಾಡ. ದಸ್‌ಗೀ.
ಬಲಗೈ ಮಡಚಿದ್ದು ಮಡಚಿದಂಗ ಉಳೀತು.
ಮನ್ಯಾಗ ಅಕ್ಕಾರು ಒಂದನೇತ್ತಾ ಪುಸ್ತಕ ತಂದು
ಅ ಆ ತೋರಿಸಿದ್ರ ಹಾಳಿ ಕಡೆ ನೋಡದ
ಗ್ವಾಡೀ ಕಡೆ ಹೊಳ್ಳತಿದ್ರು.

ಎರಡು ವರ್ಷದ ಮ್ಯಾಲ ಒಂದಿನ
ಆಫೀಸಿಗೆ ಕರ್ಕೊಂಡು ನಡಿ ಅಂತ ಸನ್ನಿ ಮಾಡಿದ್ರು.
ತಮ್ಮ ಸುದ್ದಿ ಇದ್ದ ಫೈಲು ಓದಿದ್ರು,
ಸರಿಸಿದ್ರು. ಹಳೇ ಗಂಟು ತಗಸಿದ್ರು,
ಧೂಳಿಗೆ ಸೀನು ಬಂತು, ನಾ ಮೂಗು ಒರಸಿದೆ.
‘ಮದುವೆ ಮೆರವಣಿಗೆಯಲ್ಲಿ ಹಾರಿದ ಗುಂಡು ತಗುಲಿ
ಬಾಲಕಿಯೊಬ್ಬಳು ಮೃತಪಟ್ಟಿರುತ್ತಾಳೆ.’
ಕೆಳಗ ಅವರದ ಸಹಿ.

ಹಾರಿಸಿದಾಂವ ವರನ ಸೋದರಮಾವ. ಲೈಸೆನ್ಸು ಇತ್ತು.
ಊರಿಗೆಲ್ಲ ಗೊತ್ತಿತ್ತು. ಸಾಹೇಬರಿಗೆ ಗೊತ್ತಿತ್ತು.
ಅವತ್ತು ಜೀಪು ಹೊಡದಾಂವ ನಾನು, ನನಗೂ.

ಪೆನ್ಸಿಲ್ಲು ಎಡಗೈಗೆ ಕೊಟ್ಟೆ.
ಸಾಲೀ ಹುಡುಗನಂಗ ನಾಲಿಗಿ ಹೊರಗ ಚಾಚಿ,
ಹಾರಿದ ಅನ್ನೂದರ ನಡುವ, ಮ್ಯಾಲಕ್ಕ,
ಒಂದು ಅಕ್ಷರ ಸೇರಿಸಿದ್ರು: ಸಿ.
ಕೈ ನಡಗಿ ಅದರ ಗುಡಸು ಕಾಗದಾ ಹರೀತು.

ಆ ಹುಡುಗೀ ಮನಿ ಹುಡುಕಾಕ ಮೂರು ದಿನ ಬೇಕಾತು.
ಅವ್ವ ಜ್ವಾಳ ಹಸನ ಮಾಡಾಕತ್ತಿದ್ಳು, ಮರ ನಿಲ್ಲಿಸಲಿಲ್ಲ.
‘ಏನಂತಾರ ಇವರು?’
‘ನಿನ್ನ ಮಗಳ ಹೆಸರು ಏನಂತ ಕೇಳತಾರವ್ವ.’
‘ಆವಾಗ ಕೇಳಲಿಲ್ಲೇನು?’
ಬಾಳ ಹೊತ್ತಾದ ಮ್ಯಾಲ, ಜ್ವಾಳಕ್ಕ ಹೇಳಿದಂಗ, ಹೇಳಿದ್ಳು:
ಕಸ್ತೂರಿ.

ಅದಕ್ಕ ಈಗ ನನ್ನ ಟಂಟಂಗೆ ಎರಡು ಭೋಂಗಾ ಕಟ್ಟೇವಿ.
ಇಂಡಿ, ಚಡಚಣ, ಹೊಳೀ ಸಾಲಿನ ಹಳ್ಳಿಗೋಳು.
ಪಿಸ್ತೂಲು ತಂದು ಒಪ್ಪಸರಿ, ಬೀಗರ ಮದವಿಗೆ ಬಂದೂಕು ತರಬ್ಯಾಡ್ರಿ.
ಕೆಲವರು ಚಾ ಕುಡಿಸತಾರ. ಕೆಲವರು
‘ಗಂಡಸಿನ ಸೊಂಟಾ ಬರೀದಿರಬಾರದ್ರೀ’ ಅಂತಾರ.
ಆರು ವರ್ಷಕ್ಕ, ಒಂದು ಡಾಲ್ಡಾ ಡಬ್ಬ್ಯಾಗ, ನಾಕು ಪಿಸ್ತೂಲು;
ಒಂದಕ್ಕ ಕುದರಿನ ಇದ್ದಿಲ್ಲ.
ಲೈಸೆನ್ಸಿನ ಅರ್ಜಿ ಬೆಂಗಳೂರಿಗೆ ಹೋಗೇತಿ.
‘ಪರಿಶೀಲಿಸಲಾಗುತ್ತಿದೆ’ ಅಂತ ಬಂದಾಗ ಸಾಹೇಬರು
ಕೆಮ್ಮು ಬರೂತನಕ ನಕ್ಕರು.

ಭಾಷಣ ಒಂದ ಸಾಲು. ಬಾಯಿ ಓರಿ, ಜೊಲ್ಲು ಇಳೀತೈತಿ.
‘ಕಸ್ತೂರಿ... ಹಾರಿ...’
ಅಲ್ಲಿಗೆ ಗಾಡಿ ನಿಂತಂಗ ನಿಲ್ಲತೈತಿ.
ಆ ಸಿ ಹಲ್ಲಿನ ಸಂದ್ಯಾಗ ಬರೇ ಗಾಳಿ ಆಗತೈತಿ.
ಹುಡುಗ್ರು ಕಿಸಿಕಿಸಿ ಅಂತಾವು.
ನಾ ಮೈಕಿನ್ಯಾಗ ಹೇಳಿಬಿಡಬಹುದು, ನನ್ನ ನಾಲಿಗಿ ನೆಟ್ಟಗೈತಿ.
ಹೇಳೂದಿಲ್ಲ.
ಟಂಟಂ ಬಂದ್ ಮಾಡಿ, ಕೀಲಿಕೈ ಕಿಸೇದಾಗ ಇಟ್ಟು
ಕುಂದ್ರತೇನಿ.