ಸುಮ್ಮನೆ ಬಂದವರು

ಇಪ್ಪತ್ತೆರಡು ವರ್ಷ ಕಾಸರಗೋಡಿನ ಬಸ್ ಸ್ಟ್ಯಾಂಡಿನಲ್ಲಿ
ಕಿಟಕಿಯ ಹಿಂದೆ ಕೂತು ನಾನು ಬರೆದದ್ದು ಒಂದೇ ಕತೆ:
ಸುಳ್ಯ. ಬಂದದ್ದು ಒಂಬತ್ತು ನಲ್ವತ್ತು,
ಹೊರಟದ್ದು ಒಂಬತ್ತು ಐವತ್ತೆರಡು. ಷರಾ: ಟಯರು ಪಂಕ್ಚರ್.
ಮಂಗಳೂರು. ಹತ್ತು ಐದು. ಷರಾ: ತಲಪಾಡಿಯಲ್ಲಿ ಬ್ಲಾಕ್.

ಹಾಗಾಗಿ ನಾಲ್ಕು ದಿನ ರಜೆ ಸಿಕ್ಕಿದ್ದೇ
ಸ್ಕೇಲು ಹಿಡಿದು ಗೆರೆ ಎಳೆದೆ.
ಮೊದಲ ದಿನ ಮಡಿಕೇರಿ, ಎರಡನೇ ದಿನ ಮೈಸೂರು,
ಅರಮನೆಗೆ ಎರಡೂವರೆ ಗಂಟೆ, ಮೃಗಾಲಯಕ್ಕೆ ಮೂರು,
ಅದರಲ್ಲಿ ಜಿರಾಫೆಗೆ ಹನ್ನೆರಡು ನಿಮಿಷ.

ವಾರಿಜ ಕಾಗದ ಪೂರ್ತಿ ಓದಿದಳು.
ಮತ್ತೆ ಅದರಲ್ಲೇ ಹುರಿಗಡಲೆ ಕಟ್ಟಿ
ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು.
"ಇದು ರಜೆಯಾ ಡ್ಯೂಟಿಯಾ?
ನನಗೆ ಒಂದು ಹೊಳೆ ಸಾಕು, ಮಾರಾಯ್ರೆ,
ಬೇಗ ಮುಟ್ಟುವಂಥದ್ದು.
ಮಧ್ಯಾಹ್ನ ಮಲಗಿದರೆ ಎಂತ ಆಯ್ತು ಅಂತ
ಯಾರೂ ಕೇಳಬಾರದು."

ರೈಲಿನಲ್ಲಿ ಚೆರುವತ್ತೂರು. ಆಚೆ ಆಟೋ.
ಕಡವಿಗೆ ಬರುವಾಗ ದೋಣಿ ಹೋಗಿಯಾಗಿತ್ತು,
ನೀರಿನ ಮೇಲೆ ಅದರ ಗೆರೆ ಮಾತ್ರ ಉಂಟು.
"ಇನ್ನೊಂದು ಎಷ್ಟು ಗಂಟೆಗೆ?" ಕೇಳಿದೆ.
ಕಲ್ಲಿನ ಮೇಲೆ ಕೂತವನು ಬಲೆಯಿಂದ ಕಣ್ಣೆತ್ತದೆ
"ವರುಂ" ಅಂದ.
ಬರ್ತದೆ.
ನನ್ನ ಇಡೀ ಇಲಾಖೆಗೆ ಅವಮಾನವಾದ ಹಾಗಾಯಿತು.

ಬಂತು. ಎಷ್ಟು ತಡವಾಗಿ ಎಂದು ನನಗೆ ಗೊತ್ತು, ಹೇಳುವುದಿಲ್ಲ.

ಒಂದು ಬದಿ ಕಡಲು, ಒಂದು ಬದಿ ಹಿನ್ನೀರು,
ನಡುವೆ ಸೀರೆಯಂಚಿನಷ್ಟೇ ನೆಲ, ವಲಿಯಪರಂಬ.
ಎರಡು ಕೋಣೆ ಬಾಡಿಗೆಗೆ ಬಿಡುವ ಚಿರುದೆಯಮ್ಮ
ಬಾಗಿಲಿಗೆ ಅಡ್ಡ ನಿಂತು ವಿಚಾರಿಸಿದರು:
ದೇವಸ್ಥಾನಕ್ಕಾ? ಮದುವೆ ಉಂಟಾ?
ಆಸ್ಪತ್ರೆಯಲ್ಲಿ ಯಾರಾದರೂ?
ವಾರಿಜ ತನಗೆ ಬರುವ ನಾಲ್ಕು ಮಲಯಾಳ ಶಬ್ದಗಳಲ್ಲಿ
ಒಂದನ್ನು ಹುಡುಕಿ ತೆಗೆದಳು:
"ವೆರುದೆ."
ಸುಮ್ಮನೆ.
ಸುಮ್ಮನೆ ಬಂದವರಿಗೆ ಬಾಡಿಗೆ ಎಷ್ಟು ಹೇಳುವುದೆಂದು
ಆ ಹೆಂಗಸು ಸ್ವಲ್ಪ ಹೊತ್ತು ಯೋಚಿಸಿದರು.

ಮಧ್ಯಾಹ್ನ ಪಚ್ಚಿಲೆಯ ಪದಾರ್ಥ, ಕುಚ್ಚಲಕ್ಕಿ ಅನ್ನ.
ಉಂಡದ್ದೇ ಅವಳು ಚಾಪೆಗೆ ಬಿದ್ದಳು.
ಹಗಲು ಮಲಗಿದ ಇವಳನ್ನು ನಾನು ನೋಡಿದ್ದಿಲ್ಲ,
ಹೆರಿಗೆಯ ವಾರವೊಂದು ಬಿಟ್ಟು.
ನಿದ್ದೆಯಲ್ಲೂ ಬೆರಳು ಆಡುತ್ತಿತ್ತು.
ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ, ನೂಲಿಲ್ಲ,
ಆದರೂ ಹೆಬ್ಬೆರಳು ಸುತ್ತುತ್ತದೆ, ಮಡಚುತ್ತದೆ,
ಇನ್ನೊಂದು ಬೀಡಿ, ಇನ್ನೊಂದು.
ನಾನು ಲೆಕ್ಕ ಹಾಕಿದೆ. ಅಭ್ಯಾಸ.
ಮೂವತ್ತೊಂದರ ಹತ್ತಿರ ನನಗೂ ತಪ್ಪಿತು.

ಎರಡನೇ ದಿನ ಎಂತ ಮಾಡಿದೆವು?
ಒಂದು ತೆಂಗಿನಕಾಯಿ ನೀರಿನಲ್ಲಿ ತೇಲುತ್ತಾ
ಆಚೆ ಹೋಯಿತು. ಇಳಿತ ಬಂದಾಗ
ಅದೇ ಕಾಯಿ, ಅಥವಾ ಅದರ ತಮ್ಮ, ಈಚೆ ಬಂತು.
ಇಷ್ಟೇ.
ಸಂಜೆ ಕಡಲ ಬದಿಗೆ ಹೋದೆವು, ಚಪ್ಪಲಿ ಕೈಯಲ್ಲಿ.
ಅವಳು ನನ್ನ ಬಗ್ಗೆ ಒಂದು ದೂರು ಹೇಳಿದಳು,
ಹದಿನಾಲ್ಕು ವರ್ಷ ಹಳೆಯದು.
ನಾನು ಸರಿ ಅಂದೆ. ಅಲೆ ಬಂತು.

ವಾಚನ್ನು ಕಿಟಕಿಯ ದಳಿಗೆ ಸಿಕ್ಕಿಸಿದ್ದೆ.
ಕೈಯ ಬಿಳಿ ಪಟ್ಟೆಗೆ ಬಿಸಿಲು ತಾಗಿ ಉರಿಯಿತು.
ಮೂರನೇ ಮಧ್ಯಾಹ್ನ, ಚಾಪೆಯ ಮೇಲೆ
ಅವಳ ಬೆರಳು ನಿಂತಿತ್ತು.
ಅಂಗೈ ಮೇಲಾಗಿ, ಅರ್ಧ ತೆರೆದು,
ಕಟ್ಟೆಗೆ ಹಗ್ಗ ಹಾಕಿದ ದೋಣಿಯ ಹಾಗೆ ಸ್ವಲ್ಪವೇ ಅಲುಗುತ್ತಾ.
ಚಾ ತಂದ ಚಿರುದೆಯಮ್ಮ ಬಾಗಿಲಲ್ಲೇ ನಿಂತರು,
ಅವಳನ್ನು ನೋಡಿ, ನನ್ನನ್ನು ನೋಡಿ,
ಲೋಟ ಎತ್ತಿಕೊಂಡು ಹಾಗೇ ತಿರುಗಿ ಹೋದರು.
ನನ್ನ ಚಾವೂ ಹೋಯಿತು.

ಸೋಮವಾರ. ಕಿಟಕಿ.
ನಾಲ್ಕು ದಿನದ ಪುಟಗಳಲ್ಲಿ ಮೊಯ್ದೀನ್ ಕುಂಞಿಯ ಅಕ್ಷರ,
ಒಂದು ಕಡೆ ಬದಿಯಡ್ಕದ ಬಸ್ಸು
ಬರುವ ಮೊದಲೇ ಹೊರಟಿತ್ತು.
ಆದರೂ ಊರು ಇದ್ದಲ್ಲೇ ಉಂಟು.

ಕೊಡೆ ಹಿಡಿದ ಒಬ್ಬರು ಬಗ್ಗಿ ಕೇಳಿದರು:
"ಪೆರ್ಲದ ಬಸ್ಸು ಎಷ್ಟು ಗಂಟೆಗೆ?"
"ಬರ್ತದೆ" ಅಂದೆ.
ಅವರು ನನ್ನನ್ನು ನೋಡಿದ ನೋಟ!
"ಎಂಟು ನಲ್ವತ್ತು, ಎಂಟು ನಲ್ವತ್ತು."
ಬಂದದ್ದು ಎಂಟು ಐವತ್ತೊಂದಕ್ಕೆ.
ಷರಾದ ಕಾಲಮ್ಮಿನಲ್ಲಿ ಎಂತ ಬರೆಯುವುದೆಂದು
ಪೆನ್ನು ಹಿಡಿದು ಕೂತಿದ್ದೇನೆ.