ಅಳತೆ

ಕೌಲ್ ಬಜಾರಿನ ನಮ್ಮ ಅಂಗಡಿಗೆ
ಹುಲಿಗೆಮ್ಮ ಮೇಡಂ ತಂದದ್ದು ಪ್ಯಾಂಟಿನ ಅಳತೆ ಅಲ್ಲ,
ಜರಿಯಂಥ ತಾಮ್ರದ ನೂಲು,
ಅಂಗೈಯಗಲದ ಒಂದು ನಕ್ಷೆ.
"ಜಾಕೀಟಿನ ಎದಿಗೆ ಹಿಂಗೇ ಹೊಲೀರಿ ಮಾಬುಸಾಬ್ರೆ,
ಗಣಿಯೊಳಗ ಆಳು ಎಲ್ಲಿದ್ದಾನಂತ
ಇದು ಕೂಗಿ ಹೇಳ್ತತಿ."

ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದ ಕೈ.
ಸೂಜಿ ಎರಡು ಮುರಿದ್ವು.
ಮೂರನೇದು ಮಾತು ಕೇಳ್ತು.

ಕಟ್ಟಿಗಿ ಗೊಂಬಿಗೆ ತೊಡಿಸಿದಾಗ
ಆಕಿ ಯಂತ್ರದ ಪರದೆ ಮ್ಯಾಲೆ
ಗೆರೆ ಹೇಳಿದ ಜಾಗದಾಗೇ ತಗ್ಗು ತೋಡ್ತು,
ನೆಟ್ಟಗ, ಬಾವಿ ಇಳಿದಾಂಗ.
ನನಗೇನು ತಿಳೀತತಿ? ಆಕಿ ನಕ್ಕಳಂತ ನಾನೂ ನಕ್ಕೆ.

ಆಮ್ಯಾಲೆ ಗಾದಿಲಿಂಗ ತೊಟ್ಟ.
ಸಂಡೂರಿನ ಗುಡ್ಡದಾಗ ದುಡಿಯೋನು,
ಉಗುರಿನ ಸಂದ್ಯಾಗ ಇನ್ನೂ ಕೆಮ್ಮಣ್ಣು.
ತಗ್ಗು ಎಡಕ್ಕ ಸರೀತು, ಹೂತು ಹೋದಾಂಗ ಆತು.
ಉಸಿರು ಎಳಕೊಂಡ್ರ ಒಂದು ಜಾಗ, ಬಿಟ್ರ ಇನ್ನೊಂದು.
ಬೆನ್ನು ತಿರುವಿದ:
ಗ್ವಾಡಿ ಮ್ಯಾಲಿನ ಪೆಟ್ಟಿಗೆಯ ಲೆಕ್ಕಕ್ಕ
ಅವ ಅಂಗಡಿಯೊಳಗೇ ಇಲ್ಲ.

"ನಾ ಏನ್ ತಪ್ಪು ಮಾಡಿದ್ನಿರಿ?" ಅಂದ, ಎತ್ತಿದ ಕೈ ಇಳಿಸದೆ.
"ನಿಂದೇನಿಲ್ಲಣ್ಣ. ಮೈ ಅಂದ್ರ ಉಪ್ಪುನೀರು.
ಅದು ಕೂಗಿದ್ದರಾಗ ಅರ್ಧಕ್ಕಿಂತ ಹೆಚ್ಚು
ನೀನೇ ಕುಡೀತಿ."

ದಿನಾ ಅವನ ಕೂಲಿ ಕೆಡಿಸೋದು ಬ್ಯಾಡಂತ
ಮರುದಿನ ಆಕಿ ಒಂದು ಕ್ಯಾನಿನಾಗ
ನೀರು, ಉಪ್ಪು, ಸಕ್ಕರಿ ಕಲಸಿ
"ಇವತ್ತಿಂದ ಇದೇ ಮನುಷ್ಯಾ" ಅಂದ್ಲು.

ಚಮಚ ತೊಳೆಯಾಕ ಹೋದೆ, ನೆನಪಾತು.
ಆ ಬ್ಯಾಸಿಗಿ, ವಾಂತಿ ಭೇದಿ ಹಿಡಿದು
ಬಟ್ಟಿಯಾಂಗ ಮಡಚಿ ಬಿದ್ದ ನಮ್ಮ ಹಸೀನಾಗ
ಬೆಳಗಾಗೋತನಕ ಇದನ್ನೇ
ಗುಟುಕು ಗುಟುಕು ಕುಡಿಸಿದ್ದೆ.
ಔಷಧ ಅಂತ ತಿಳಿದಿದ್ದೆ.
ಈಗ ಸಿರುಗುಪ್ಪದಾಗ ಅದಾಳ, ದಪ್ಪ ಆಗ್ಯಾಳ.

ತಾಮ್ರಕ್ಕೂ ಎದಿಗೂ ನಡುವ
ಕಂಬಳಿ ತುಂಡು ಮೂರು ಮಡಿಕಿ ಇಟ್ಟೆ,
ಅದರ ಹಿಂದ ಮತ್ತೊಂದು ತಾಮ್ರದ ಪದರ.
ತಗ್ಗು ವಾಪಸ್ ಬಂತು, ಪೂರಾ ಅಲ್ಲ.
ಗೊಂಬಿ ಅಳತಿ ಮನುಷ್ಯಾಗ ಕೂಡೂದಿಲ್ಲ,
ಇದು ಮೇಡಂಗ ಹೊಸಾದು, ದರ್ಜಿಗೆ ಅಲ್ಲ:
ಉಂಡ ನಡ ಬ್ಯಾರೆ, ಉಪವಾಸದ ನಡ ಬ್ಯಾರೆ,
ಅದಕ್ಕ ಒಳಗ ಅರ್ಧ ಇಂಚು ಬಟ್ಟಿ ಬಿಟ್ಟಿರ್ತೀವಿ.

ಐತವಾರ ಗಾದಿಲಿಂಗ ಮತ್ತ ಬಂದ.
ಕರೆಂಟ್ ಹೋಗಿತ್ತು, ಬಳ್ಳಾರಿ ಬಿಸಿಲು,
ತೊಟ್ಟು ನಿಂತ ಮಟ್ಟಿಗೆ ಬೆವರಿದ,
ಕಂಬಳಿ ಹಸಿಯಾತು.
ಗೆರೆ ಮತ್ತ ಎಡಕ್ಕ ಸರೀತು.
ಆಕಿ ಪೆನ್ಸಿಲ್ ಕಚ್ಚಿಕೊಂಡು ಸುಮ್ಮನ ನೋಡಿದ್ಲು.
ನಾನು ಹೊಲಿಗಿ ಬಿಚ್ಚಾಕ
ಬ್ಲೇಡು ಹುಡುಕಿದೆ.